ಉರಿಯದ ಟೆಸ್ಟ್ ಲ್ಯಾಂಪು

ಮಿಸ್ತ್ರಿ ಕಾಕಾನ ಬಲಗೈಯ ಎರಡು ಬೆರಳುಗಳು ಇನ್ನು ಮಡಚುವುದಿಲ್ಲ. ತೋರುಬೆರಳಿನ ತುದಿಯಂತೂ ಹೋಗಿಯೇ ಬಿಟ್ಟಿದೆ. ಅಕ್ಕಲಕೋಟೆಯ ನಮ್ಮ ಗ್ಯಾರೇಜಿನಲ್ಲಿ ಅದು ಆದಾಗ ನಾನು ಅವರಿಂದ ಒಂದು ಮೊಳ ದೂರದಲ್ಲಿದ್ದೆ. ಒಂದೇ ಬಾನೆಟ್ಟಿನ ಕೆಳಗೆ ಇಬ್ಬರೂ ಬಗ್ಗಿ ನಿಂತಿದ್ದೆವು. ಏನಾಯಿತು ಎಂದು ಕೇಳಿದವರಿಗೆಲ್ಲ ಒಂದೊಂದು ತುಂಡು ಹೇಳಿದ್ದೇನೆ. ಇಲ್ಲಿ ನಡೆದ ಕ್ರಮದಲ್ಲಿಯೇ ಬರೆಯಲು ನೋಡುತ್ತೇನೆ. ನನ್ನ ತಲೆಯಲ್ಲಿ ಅದು ಆ ಕ್ರಮದಲ್ಲಿ ಬರುವುದಿಲ್ಲ. ಯಾವಾಗಲೂ ಕೊನೆಯ ಮೂರು ಸೆಕೆಂಡಿನಿಂದಲೇ ಶುರುವಾಗುತ್ತದೆ, ಅಲ್ಲಿಗೇ ನಿಂತುಬಿಡುತ್ತದೆ.

ಗಾಡಿ ಕುರನೂರಿನ ಒಬ್ಬ ರೈತರದು, ಹಳೆಯ ಪೆಟ್ರೋಲ್ ಕಾರು. ಬೇಸಿಗೆ. ರಸ್ತೆಯಲ್ಲಿ ಓಡುತ್ತಿರುವವರೆಗೆ ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ, ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತಿತ್ತು. ಸೊಲ್ಲಾಪುರದ ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಕಾವಿನ ಮುಳ್ಳು ಏರಿ ನೀರು ಕುದಿದು ಉಕ್ಕುತ್ತಿತ್ತು. ಗಾಡಿ ನಿಂತಾಗ ಗಾಳಿ ಕೊಡಬೇಕಾದದ್ದು ರೇಡಿಯೇಟರಿನ ಹಿಂದಿರುವ ಕರೆಂಟಿನ ಫ್ಯಾನು. ಅದು ಒಮ್ಮೆ ತಿರುಗುತ್ತಿತ್ತು, ಒಮ್ಮೆ ಇಲ್ಲ.

"ಮಿಸ್ತ್ರಿ, ನಮ್ಮ ಗಾಡಿ ಊರಾಗ ಭಾಳ ಶಾಣ್ಯಾ ಅದ. ಸೊಲ್ಲಾಪುರ ಮುಟ್ಟಿತಂದ್ರ ತಲಿ ಕೆಡತದ ನೋಡ್ರಿ," ಎಂದರು ಮಾಲೀಕರು.

"ನಮ್ಮ ಇಂಜಿನಿಯರ್ ಬಾಯಿನೂ ಹಂಗ ಆಗ್ಯಾಳ," ಎಂದು ಕಾಕಾ ನನ್ನತ್ತ ಗದ್ದ ತೋರಿಸಿದರು. "ಸೊಲ್ಲಾಪುರದಾಗ ಕಾಲೇಜ್ ಕಲ್ತು ಬಂದ ಮ್ಯಾಲ ಬರೇ ಗರಮ್."

"ಗಾಳಿ ಹಾಕಾಕ ನೀವ್ ಇದ್ದೀರಲ್ರಿ ಕಾಕಾ," ಎಂದೆ.

ಅವರು ನನ್ನ ಅಪ್ಪನ ಜೊತೆಗಾರ. ಇಬ್ಬರೂ ಕೂಡಿ ಹಾಕಿದ ಗ್ಯಾರೇಜು ಅದು. ಅಪ್ಪ ತೀರಿಕೊಂಡ ಮೇಲೆ ಅಪ್ಪನ ಅರ್ಧವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನನ್ನ ಕೆಲಸ ಮೀಟರು ಮತ್ತು ವೈರಿಂಗ್ ನಕ್ಷೆಯದು. ಅವರದು ಬೆರಳಿನದು. ಕಣ್ಣು ಮುಚ್ಚಿ ಒಂದು ವೈರನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆಯುತ್ತ ಹೋದರೆ, ಮೇಲಿನ ಪ್ಲಾಸ್ಟಿಕ್ ಹರಿಯದಿದ್ದರೂ ಒಳಗಿನ ತಾಮ್ರ ಎಲ್ಲಿ ಮುರಿದಿದೆ ಎಂದು ಹೇಳಿಬಿಡುತ್ತಿದ್ದರು. ನನ್ನ ಮೀಟರು ಅರ್ಧ ಗಂಟೆ ಹುಡುಕುವುದನ್ನು ಅವರ ಕೈ ಒಂದು ನಿಮಿಷದಲ್ಲಿ ಹುಡುಕುತ್ತಿತ್ತು.

ಅವರ ಬಳಿ ಇದ್ದ ಒಂದೇ ಯಂತ್ರವೆಂದರೆ ಟೆಸ್ಟ್ ಲ್ಯಾಂಪು. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ದಬ್ಬಣ ಕಟ್ಟಿದ್ದರು. ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಹಚ್ಚಿ ದಬ್ಬಣವನ್ನು ವೈರಿಗೆ ತಾಗಿಸಿದರೆ, ಕರೆಂಟು ಇದ್ದಲ್ಲಿ ಬಲ್ಬು ಹತ್ತುತ್ತದೆ. "ನಿನ್ನ ಮೀಟರ್ ಸುಳ್ಳ ಹೇಳತದ ಬಾಳಾ, ಲ್ಯಾಂಪ್ ಹೇಳಂಗಿಲ್ಲ," ಎಂದು, ಮರಾಠಿಯಲ್ಲಿ ಮಗುವನ್ನು ಕರೆಯುವ ಹಾಗೆ ನನ್ನನ್ನು ಕರೆದು ಹೇಳುತ್ತಿದ್ದರು. ಅದರಲ್ಲಿ ಸತ್ಯವೂ ಇತ್ತು. ಒಂದೇ ಎಳೆ ಉಳಿದ ವೈರಿನಲ್ಲಿಯೂ ಮೀಟರು ಹನ್ನೆರಡು ವೋಲ್ಟು ತೋರಿಸುತ್ತದೆ. ಅಂಥ ವೈರಿಗೆ ಬಲ್ಬು ಹೊತ್ತಿಸುವ ಶಕ್ತಿ ಇರುವುದಿಲ್ಲ.

ಅವರದು ಇನ್ನೊಂದು ಪದ್ಧತಿ ಇತ್ತು. ಬೆಲ್ಟು, ಫ್ಯಾನು, ತಿರುಗುವ ಯಾವುದರ ನಡುವೆಯಾದರೂ ಕೈ ಹಾಕುವ ಮೊದಲು ಗಾಡಿಯ ಚಾವಿ ತೆಗೆದು ತಮ್ಮ ಅಂಗಿಯ ಎದೆ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನಂತರ ಗಟ್ಟಿಯಾಗಿ, "ಚಾವಿ ಕಿಸೇದಾಗ," ಎನ್ನುತ್ತಿದ್ದರು. ಆ ಮಾತು ಕೇಳಿದ ಮೇಲೆಯೇ ನಾವು ಉಳಿದವರು ಬಾನೆಟ್ಟಿನೊಳಗೆ ಕೈ ಇಡಬೇಕು. ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದ. ಆ ಗ್ಯಾರೇಜಿನಲ್ಲಿ ಅಲ್ಲಿಯವರೆಗೆ ಯಾರ ಬೆರಳಿಗೂ ಏನೂ ಆಗಿರಲಿಲ್ಲ.

ಮೊದಲ ದಿನ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಹೆಚ್ಚುವರಿ ಸ್ವಿಚ್ಚು ಕಂಡಿತು. ಹಿಂದೆ ಯಾರೋ ಫ್ಯಾನನ್ನು 'ಡೈರೆಕ್ಟ್' ಮಾಡಿದ್ದರು. ಎಂದರೆ ಫ್ಯಾನಿಗೆ ತಾನಾಗಿ ಕರೆಂಟು ಬಿಡುವ ಕಂಪನಿಯ ರಿಲೇಯನ್ನು ಬಿಚ್ಚಿ ಬದಿಗೆ ತುರುಕಿ, ಚಾವಿಯಿಂದ ಒಂದು ವೈರು ಎಳೆದು ಸ್ವಿಚ್ಚಿನ ಮೂಲಕ ಫ್ಯಾನಿಗೆ ಕೊಟ್ಟಿದ್ದರು. ಚಾವಿ ತಿರುಗಿಸಿ, ಸ್ವಿಚ್ಚು ಒತ್ತಿದರೆ ಫ್ಯಾನು. ವೈರು ಸಣ್ಣದಾಗಿದ್ದರಿಂದ ಸ್ವಿಚ್ಚಿನ ಒಳಗೆಲ್ಲ ಸುಟ್ಟು ಕರಿ ಆಗಿತ್ತು.

"ದಪ್ಪ ವೈರ್ ಎಳದು ಹೊಸಾ ಸ್ವಿಚ್ ಹಾಕೂಣು. ಒಂದು ತಾಸಿನ ಕೆಲಸ," ಎಂದರು ಕಾಕಾ.

"ಬ್ಯಾಡ್ರಿ. ಒತ್ತೋದು ಮರತ್ರ ಇಂಜಿನ್ ಹೋಗತದ. ಕಂಪನಿ ಹೆಂಗ ಮಾಡಿತ್ತೋ ಹಂಗ ಮಾಡೂಣು. ಕಾವು ಏರಿದ್ರ ತಾನ ತಿರಗಬೇಕು."

"ತಾನ ತಿರಗೋದನ್ನ ಯಾರೂ ನಂಬಬಾರದು ಬಾಯಿ."

ಮಾಲೀಕರು ನಕ್ಕರು. ನಾನು ನಕ್ಷೆ ಬಿಚ್ಚಿ ವಾದ ಮಾಡಿದೆ. ಕಾಕಾ ಕೊನೆಗೆ ಕೈ ಒರೆಸಿಕೊಂಡು, "ಆತು ಆತು, ಚಲೋ, ನಿನ್ನ ಪುಸ್ತಕದ ಪ್ರಕಾರ ಆಗಲಿ," ಎಂದರು. ಆ ಕ್ಷಣಕ್ಕೆ ನನಗೆ ಖುಷಿಯಾಗಿತ್ತು. ಅದನ್ನೂ ಬರೆಯಬೇಕು.

ಎರಡನೆಯ ದಿನ ಬೆಳಿಗ್ಗೆ ಮೂಲ ವೈರಿಂಗನ್ನು ನಾನೊಬ್ಬಳೇ ಜೋಡಿಸಿದೆ. ಅದರ ರಚನೆ ಸರಳ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ರಿಲೇ, ರಿಲೇಯಿಂದ ಫ್ಯಾನು. ರಿಲೇಯ ಒಳಗಿನ ಸುರುಳಿ ಎಚ್ಚರವಾದರೆ ಅದು 'ಟಿಕ್' ಎಂದು ಕಚ್ಚಿಕೊಂಡು ಫ್ಯಾನಿಗೆ ಕರೆಂಟು ಬಿಡುತ್ತದೆ. ಸುರುಳಿಯ ಒಂದು ತುದಿಗೆ ಬ್ಯಾಟರಿಯ ಪ್ಲಸ್ಸು ಸದಾ ಇರುತ್ತದೆ. ಇನ್ನೊಂದು ತುದಿ ರೇಡಿಯೇಟರಿನ ಕೆಳಗಿರುವ ಹೀಟ್ ಸ್ವಿಚ್ಚಿಗೆ ಹೋಗುತ್ತದೆ. ನೀರು ಕಾದಾಗ ಆ ಸ್ವಿಚ್ಚು ವೈರನ್ನು ಗಾಡಿಯ ಮೈಗೆ, ಅಂದರೆ ಅರ್ತಿಂಗಿಗೆ, ಕೂಡಿಸುತ್ತದೆ. ಈ ಇಡೀ ದಾರಿಯಲ್ಲಿ ಚಾವಿ ಎಲ್ಲಿಯೂ ಬರುವುದಿಲ್ಲ. ಚಾವಿ ತೆಗೆದು ಮನೆಗೆ ಒಯ್ದರೂ ಫ್ಯಾನು ತಿರುಗಬಲ್ಲದು.

ಇದು ನನಗೆ ಗೊತ್ತಿತ್ತು. ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದು ನೋಡಿದ್ದೆ. ಆದರೆ ಕಾಕಾನಿಗೆ ಹೇಳಿದ್ದು, "ಕಂಪನಿ ವೈರಿಂಗ್ ಆತ್ರಿ ಕಾಕಾ," ಎಂದಷ್ಟೇ. ಅವರು "ಚಲೋ" ಎಂದರು.

ಇಂಜಿನ್ನು ಚಾಲೂ ಇಟ್ಟು ಕಾದೆವು. ಮುಳ್ಳು ಅರ್ಧ ದಾಟಿತು, ಟಿಕ್ ಎಂದಿತು, ಫ್ಯಾನು ತಿರುಗಿತು. ಕಾಕಾ ಚಪ್ಪಾಳೆ ತಟ್ಟಿದರು. ಸೊಲ್ಲಾಪುರ ರಸ್ತೆಯಲ್ಲಿ ವಳಸಂಗದವರೆಗೆ ಹೋಗಿ ಬಂದೆವು. ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಮುಳ್ಳು ಏರತೊಡಗಿತು, ಅರ್ಧ ದಾಟಿತು, ಮುಕ್ಕಾಲು ದಾಟಿತು. ಫ್ಯಾನು ಬರಲೇ ಇಲ್ಲ. ಇಂಜಿನ್ನು ಆಫ್ ಮಾಡಿ ಬಾನೆಟ್ಟು ಎತ್ತಿದರೆ ಹಬೆ.

ರಿಲೇ ಬದಲಿಸಿದೆ. ಹೀಟ್ ಸ್ವಿಚ್ಚನ್ನು ಸೊಲ್ಲಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ತರಿಸಿ ಬದಲಿಸಿದೆ. ಫ್ಯೂಸು ಬದಲಿಸಿದೆ. ಪ್ರತಿ ಸಲವೂ ಮೊದಲು ಒಮ್ಮೆ ತಿರುಗುತ್ತಿತ್ತು, ಒಂದು ಸುತ್ತು ಓಡಿಸಿ ಬಂದರೆ ಇಲ್ಲ. ಫ್ಯಾನಿಗೆ ನೇರ ಬ್ಯಾಟರಿ ಕೊಟ್ಟರೆ ತಕರಾರಿಲ್ಲದೆ ತಿರುಗುತ್ತಿತ್ತು. ಸಂಜೆಗೆ ನನ್ನ ಮುಖ ನೋಡಿ ಕಾಕಾ, "ಒಂದು ಸ್ವಿಚ್ ಹಾಕಿದ್ರ ನಿನ್ನೇನ ಮುಗೀತಿತ್ತು," ಎಂದು ಗೊಣಗಿ, ತಕ್ಷಣ, "ಇರಲಿ, ನಾಳಿ ನೋಡೂಣು," ಎಂದು ಸೇರಿಸಿದರು.

ಮೂರನೆಯ ದಿನ ಹನ್ನೊಂದರ ಸುಮಾರು. ಇಂಜಿನ್ನು ತಣ್ಣಗಿತ್ತು. ನನ್ನ ಮೀಟರಿನ ಸೆಲ್ಲು ಹಿಂದಿನ ದಿನವೇ ಮುಗಿದಿತ್ತು. ಹೊಸ ಸೆಲ್ಲು ತರಲು ಬಜಾರಿಗೆ ಹೋಗಿ ಬರಲು ಹತ್ತು ನಿಮಿಷ ಸಾಕಿತ್ತು. ನಾನು ಹೋಗಲಿಲ್ಲ. ಕಾಕಾ ತಮ್ಮ ಲ್ಯಾಂಪನ್ನು ನನ್ನ ಕೈಗಿಟ್ಟು, "ತಗೋ, ಇದರ ಕೂಡ ಒಂದಿನ ಸಂಸಾರ ಮಾಡು," ಎಂದರು.

ಅವರಿಗೆ ಫ್ಯಾನಿನ ಮೋಟಾರಿನ ಹಿಂದೆ ವೈರು ಕೂಡಿಸುವ ಪ್ಲಾಸ್ಟಿಕ್ ಕಪ್ಲರ್ ಸಡಿಲವಿರಬಹುದು ಎಂಬ ಸಂಶಯ. ಅದನ್ನು ಮುಟ್ಟಬೇಕಾದರೆ ರೆಕ್ಕೆಗಳ ನಡುವೆ ಕೈ ಇಳಿಸಬೇಕು. ಚಾವಿ ತೆಗೆದರು, ಕಿಸೆಗೆ ಹಾಕಿಕೊಂಡರು. "ಚಾವಿ ಕಿಸೇದಾಗ," ಎಂದರು. ಬಲಗೈ ಇಳಿಸಿದರು.

ನಾನು ಆ ಕಡೆಯಿಂದ ಬಗ್ಗಿ ಹೀಟ್ ಸ್ವಿಚ್ಚಿನ ಕಪ್ಲರನ್ನು ಎಳೆದು ತೆಗೆದೆ. ಅದರಲ್ಲಿ ಎರಡು ತೂತು. ಒಂದು ರಿಲೇಯಿಂದ ಬರುವ ವೈರು, ಇನ್ನೊಂದು ಅರ್ತಿಂಗ್. ರಿಲೇಯಿಂದ ಇಲ್ಲಿಯವರೆಗೆ ಕರೆಂಟು ಬರುತ್ತಿದೆಯೇ ಎಂದು ನೋಡಬೇಕಿತ್ತು. ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಹಚ್ಚಿದೆ. ದಬ್ಬಣವನ್ನು ಮೊದಲ ತೂತಿಗೆ ಚುಚ್ಚಿದೆ. ನನ್ನ ಕಣ್ಣು ಬಲ್ಬಿನ ಮೇಲಿತ್ತು.

ಬಲ್ಬು ಹತ್ತಲಿಲ್ಲ.

ಟಿಕ್ ಎಂದದ್ದು ಕೇಳಿತು. ಗುಂಯ್ ಎಂಬ ಸದ್ದು ಕೇಳಿತು, ಫ್ಯಾನು ತಿರುಗುವ ಸದ್ದಲ್ಲ, ತಿರುಗಲಾರದೆ ಒದ್ದಾಡುವ ಮೋಟಾರಿನ ಸದ್ದು. ಬಲ್ಬು ಹತ್ತಿಲ್ಲವೆಂದರೆ ದಬ್ಬಣ ಸರಿಯಾಗಿ ತಾಗಿಲ್ಲ ಎಂದುಕೊಂಡು ನಾನು ಇನ್ನಷ್ಟು ಒತ್ತಿದೆ. "ಕರೆಂಟ್ ಇಲ್ರಿ ಕಾ—" ಎಂದೆ. ಕಾಕಾ ಕೂಗಲಿಲ್ಲ. ಉಸಿರು ಒಳಗೆಳೆದುಕೊಂಡರು. "ತಗಿ. ತಗಿ," ಎಂದರು. ಏನು ತೆಗೆಯಬೇಕು ಎಂದು ನನಗೆ ಹೊಳೆಯಲಿಲ್ಲ. ತಲೆ ಎತ್ತಿ ಅವರ ಮುಖ ನೋಡಿದೆ. ಆಗ ದಬ್ಬಣ ನನ್ನ ಕೈಯಿಂದ ಜಾರಿತು. ಸದ್ದು ನಿಂತಿತು. ರೆಕ್ಕೆ ಸಡಿಲಾಗಿ ಅವರ ಕೈ ಹೊರಗೆ ಬಂತು.

ಆ ಕೈಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರೆಕ್ಕೆ ಮತ್ತು ಅದರ ಹಿಂದಿನ ಚೌಕಟ್ಟಿನ ನಡುವೆ ಬೆರಳುಗಳು ಸಿಕ್ಕಿದ್ದವು.

ಪಕ್ಕದ ಟೈರ್ ಅಂಗಡಿಯವರು ತಮ್ಮ ವ್ಯಾನು ತಂದರು. ಅಕ್ಕಲಕೋಟೆಯ ಡಾಕ್ಟರು ಬಟ್ಟೆ ಬಿಗಿದು, ತಡ ಮಾಡದೆ ಸೊಲ್ಲಾಪುರಕ್ಕೆ ಒಯ್ಯಲು ಹೇಳಿದರು. ದಾರಿಯುದ್ದಕ್ಕೂ ಕಾಕಾ ಒಂದೇ ಮಾತು ಹೇಳುತ್ತಿದ್ದರು.

"ಬಾಳಾ, ನನ್ನ ಕಿಸೇದಾಗ ನೋಡು. ಚಾವಿ ಅದನೋ ಇಲ್ಲೋ ನೋಡು."

ನೋಡಿದೆ. "ಅದರಿ ಕಾಕಾ."

"ಅದ ಅಲಾ? ಮತ್ತ ಹೆಂಗ ತಿರಗಿತು?"

ಟೈರ್ ಅಂಗಡಿಯವರು ಸ್ಟೇರಿಂಗ್ ಹಿಡಿದೇ, "ಆ ಗಾಡಿದಾಗ ಏನರೆ ದೆವ್ವದ ಬಾಧಾ ಅದ ಮಿಸ್ತ್ರಿ. ನಿಂಬಿಹಣ್ಣ ಇಳಿಸಿ ಒಗೀರಿ," ಎಂದರು. ಕಾಕಾ ಆ ನೋವಿನಲ್ಲೂ, "ಬಾಧಾಕ್ಕ ಹನ್ನೆರಡು ವೋಲ್ಟ್ ಬೇಕಾಗಂಗಿಲ್ಲಲೇ," ಎಂದರು.

ಸೊಲ್ಲಾಪುರದ ಸರ್ಜನ್ ಮರಾಠಿಯಲ್ಲಿ ಕೇಳಿದರು: "ಕಾಮ್ ಕಾಯ್ ಕರ್ತಾ?" ಕೆಲಸ ಏನು ಎಂದು.

"ವೈರಿಂಗ್," ಎಂದರು ಕಾಕಾ.

ಡಾಕ್ಟರು ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ಆಪರೇಷನ್ ಆಯಿತು. ತುದಿ ಉಳಿಯಲಿಲ್ಲ. ಎರಡು ಬೆರಳಿನ ನರ ಹೊಲಿದಿದ್ದೇವೆ, ಮಡಚುತ್ತವೋ ಇಲ್ಲವೋ ನೋಡಬೇಕು ಎಂದರು.

ಮರುದಿನ ಗಾಡಿಯ ಮಾಲೀಕರು ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತರು. ಆ ಗಾಡಿಯನ್ನು ಗುಜರಿಗೆ ಹಾಕಿಬಿಡುತ್ತೇನೆ ಎಂದರು. ಕಾಕಾ ಒಪ್ಪಲಿಲ್ಲ. ನನ್ನನ್ನು ಹತ್ತಿರ ಕರೆದು, "ಆ ಗಾಡಿ ಬಿಡಬ್ಯಾಡ ಬಾಳಾ. ಚಾವಿ ಇಲ್ಲದ ಹೆಂಗ ತಿರಗಿತು, ಹುಡಕು. ಇಲ್ಲಾಂದ್ರ ನಾಳಿ ಇನ್ನೊಬ್ಬಂವ ಕೈ ಹಾಕತಾನ," ಎಂದರು.

ಮೀಟರಿಗೆ ಹೊಸ ಸೆಲ್ಲು ಹಾಕಿಕೊಂಡು ಒಬ್ಬಳೇ ಗ್ಯಾರೇಜಿಗೆ ಹೋದೆ. ಬಾನೆಟ್ಟು ಎತ್ತುವ ಮೊದಲು ಎಷ್ಟೋ ಹೊತ್ತು ಸ್ಟೂಲಿನ ಮೇಲೆ ಕುಳಿತಿದ್ದೆ.

ಫ್ಯಾನು ಯಾಕೆ ತಿರುಗುವುದಿಲ್ಲ ಎಂಬ ಮೂಲ ದೋಷ ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು. ಹೀಟ್ ಸ್ವಿಚ್ಚಿನ ಅರ್ತಿಂಗ್ ವೈರು ಹೆಡ್‌ಲೈಟಿನ ಹಿಂದಿನ ತಗಡಿಗೆ ಒಂದು ಬೋಲ್ಟಿನಿಂದ ಕೂತಿತ್ತು. ಗಾಡಿ ಯಾವಾಗಲೋ ಗುದ್ದಿಸಿಕೊಂಡಾಗ ಆ ತಗಡನ್ನು ನೆಟ್ಟಗೆ ಮಾಡಿ ಬಣ್ಣ ಹೊಡೆದಿದ್ದರು. ಬೋಲ್ಟನ್ನು ಬಣ್ಣದ ಮೇಲೆಯೇ ಬಿಗಿದಿದ್ದರು. ಬಣ್ಣದಲ್ಲಿ ಕರೆಂಟು ಹಾಯುವುದಿಲ್ಲ. ಬೋಲ್ಟಿನ ಅಂಚು ಕೆರೆದ ಕಡೆ ಒಂದಿಷ್ಟು ತಾಗುತ್ತಿತ್ತು, ಗಾಡಿ ಅಲುಗಾಡಿದರೆ ಬಿಡುತ್ತಿತ್ತು. ಪಾಲಿಶ್ ಕಾಗದದಿಂದ ಉಜ್ಜಿ ತಗಡು ಹೊಳೆಯುವಂತೆ ಮಾಡಿ ಬಿಗಿದೆ. ಇಂಜಿನ್ನು ಕಾಯಿಸಿದೆ. ಓಡಿಸಿ ಬಂದು ಮತ್ತೆ ಕಾಯಿಸಿದೆ. ಫ್ಯಾನು ಒಂದು ಸಲವೂ ತಪ್ಪಲಿಲ್ಲ.

ಆದರೆ ಇದು ಫ್ಯಾನು ನಿಂತದ್ದಕ್ಕೆ ಉತ್ತರ. ಕಾಕಾ ಕೇಳಿದ್ದು ಅದಲ್ಲ. ಆ ದಿನ ಇಂಜಿನ್ನು ತಣ್ಣಗಿತ್ತು, ಹೀಟ್ ಸ್ವಿಚ್ಚಿನ ಕಪ್ಲರ್ ಬಿಚ್ಚಿತ್ತು, ಅರ್ತಿಂಗೂ ಕೆಟ್ಟಿತ್ತು. ರಿಲೇ ಎಚ್ಚರವಾಗಲು ದಾರಿಯೇ ಇರಲಿಲ್ಲ. ವೈರು ಎಲ್ಲಾದರೂ ಮೈಗೆ ತಾಗಿರಬೇಕು ಎಂದು ಟೇಪು ಬಿಚ್ಚಿ ಇಡೀ ಕಟ್ಟನ್ನು ಗೇಣು ಗೇಣಾಗಿ ಅಳೆದೆ. ಎಲ್ಲಿಯೂ ತಾಗಿರಲಿಲ್ಲ. ಅಲುಗಾಡಿಸಿದೆ, ಎಳೆದೆ, ನೀರು ಚಿಮುಕಿಸಿದೆ. ರಿಲೇ ಸುಮ್ಮನಿತ್ತು.

ಕೊನೆಗೆ ಆ ದಿನ ಇದ್ದದ್ದೆಲ್ಲವನ್ನೂ ಇದ್ದ ಹಾಗೆಯೇ ಇಡೋಣ ಎಂದುಕೊಂಡೆ. ಚಾವಿ ತೆಗೆದೆ. ಕಪ್ಲರ್ ಬಿಚ್ಚಿದೆ. ಕಾಕಾನ ಲ್ಯಾಂಪು ಬಿದ್ದಲ್ಲಿಯೇ, ಬ್ಯಾಟರಿಯ ಪಕ್ಕದಲ್ಲೇ ಇತ್ತು. ಕ್ಲಿಪ್ಪು ಮೈನಸ್ಸಿಗೆ. ದಬ್ಬಣ ಮೊದಲ ತೂತಿಗೆ.

ಟಿಕ್. ಫ್ಯಾನು ತಿರುಗಿತು. ಬಲ್ಬು ಹತ್ತಲಿಲ್ಲ.

ದಬ್ಬಣ ಎತ್ತಿದೆ. ನಿಂತಿತು. ಮತ್ತೆ ಇಟ್ಟೆ, ತಿರುಗಿತು. ಎಷ್ಟು ಸಲ ಹಾಗೆ ಮಾಡಿದೆನೋ ನೆನಪಿಲ್ಲ.

ಲ್ಯಾಂಪಿನ ಇನ್ನೊಂದು ತುದಿ ಮೈನಸ್ಸಿನಲ್ಲಿತ್ತು. ಹೀಟ್ ಸ್ವಿಚ್ಚು ಮಾಡಬೇಕಾದ ಕೆಲಸವನ್ನು ನನ್ನ ದಬ್ಬಣ ಮಾಡಿತ್ತು. ಸುರುಳಿಯ ಮೂಲಕ ಬರುವ ಕರೆಂಟು ಬಲ್ಬನ್ನು ಹೊತ್ತಿಸಲು ಸಾಲದಷ್ಟು ಕಡಿಮೆ, ರಿಲೇಯನ್ನು ಹಿಡಿದಿಡಲು ಸಾಕಷ್ಟು. ಮೀಟರು ತನ್ನ ಮೂಲಕ ಕರೆಂಟನ್ನು ಹೆಚ್ಚುಕಡಿಮೆ ಹಾಯಲು ಬಿಡುವುದೇ ಇಲ್ಲ, ಅದನ್ನು ಇಟ್ಟಿದ್ದರೆ ರಿಲೇ ಮಿಸುಕುತ್ತಿರಲಿಲ್ಲ. ಎರಡು ರೋಧಗಳು ಒಂದರ ಹಿಂದೊಂದು ಇದ್ದಾಗ ವೋಲ್ಟೇಜು ಹೇಗೆ ಹಂಚಿಕೆಯಾಗುತ್ತದೆ ಎಂಬ ಲೆಕ್ಕವನ್ನು ನಾನು ಕಾಲೇಜಿನಲ್ಲಿ ಮಾಡಿದ್ದೇನೆ. ಅದಕ್ಕೆ ಪೂರ್ತಿ ಅಂಕ ಬಂದಿತ್ತು.

ಸಂಜೆ ಕಾಕಾ ಫೋನಿನಲ್ಲಿ, "ಸಿಕ್ತೇನು?" ಎಂದರು.

"ಸಿಕ್ತರಿ. ಅರ್ತಿಂಗ್. ಬಣ್ಣದ ಮ್ಯಾಲ ಬೋಲ್ಟ್ ಬಿಗದಾರ," ಎಂದೆ. ಸುಳ್ಳಲ್ಲ. ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ.

"ಹಾಂ! ನಾ ಅಂದಿಲ್ಲೇನು, ಯಾರೋ ಹಲ್ಕಟ್ ಕೆಲಸ ಮಾಡ್ಯಾರಂತ."

ಗಾಡಿಯನ್ನು ಮಾಲೀಕರಿಗೆ ಒಪ್ಪಿಸಿದೆ. ನಾನು ಸುಮ್ಮನಿದ್ದುಬಿಡಬಹುದಿತ್ತು, ಕೆಲವು ವಾರ ಸುಮ್ಮನಿದ್ದೆ ಕೂಡ. ಅಷ್ಟರಲ್ಲಿ ಬೆರಳುಗಳು ಮಡಚುವುದಿಲ್ಲ ಎಂದು ಸೊಲ್ಲಾಪುರದ ಡಾಕ್ಟರು ಖಚಿತ ಮಾಡಿದರು. ಕಾಕಾ ಮನೆಗೆ ಬಂದವರಿಗೆಲ್ಲ, "ಬಣ್ಣದಂವ ನನ್ನ ಬೆರಳ ತಿಂದ," ಎಂದು ಹೇಳತೊಡಗಿದರು. ಮಾಲೀಕರಿಂದ ಆ ಬಣ್ಣದ ಕೆಲಸಗಾರನ ಗುರುತು ಕೇಳಿಕೊಂಡಿದ್ದರು. ಸೊಲ್ಲಾಪುರದಲ್ಲಿ ರಸ್ತೆ ಬದಿಗೆ ಕೆಲಸ ಮಾಡುವ ಬಡ ಮನುಷ್ಯನಂತೆ. ಸೋಮವಾರ ನಾಲ್ಕು ಜನರನ್ನು ಕರೆದುಕೊಂಡು ಅವನ ಬಳಿ ಹೋಗುವುದು ಎಂದು ನಿಶ್ಚಯವಾಗಿದೆ ಎಂದು ಕಾಕಾನ ಹೆಂಡತಿ, ಕಾಕು, ಹೇಳಿದರು. ಭಾನುವಾರ ನಾನು ಅವರ ಮನೆಗೆ ಹೋದೆ.

ಕಾಕಾ ಮಂಚದ ಮೇಲೆ ಕುಳಿತಿದ್ದರು. ಕಾಕು ಒಲೆಯ ಮುಂದೆ. ನಾನು ನಿಂತುಕೊಂಡೇ ಹೇಳಿದೆ. ಟಿಕ್ ಎಂದದ್ದು, ದಬ್ಬಣ, ಮೈನಸ್ಸು, ಎಲ್ಲ.

ಅವರು ಮೊದಲು ಕೇಳಿದ್ದು ಕೆಲಸದ ಮಾತು.

"ಲ್ಯಾಂಪ್ ಹತ್ತಲಿಲ್ಲಲ್ಲ?"

"ಹತ್ತಂಗಿಲ್ರಿ. ಅಷ್ಟು ಕರೆಂಟ್ ಬರಂಗಿಲ್ಲ ಅದರಾಗ."

"ಆದ್ರೂ ರಿಲೇ ಹಿಡೀತದ?"

"ಹಿಡೀತದರಿ. ಮತ್ತ ಮತ್ತ ಮಾಡಿ ನೋಡೀನಿ."

"ಚಾವಿ ತಗದ್ರೂ?"

"ತಗದ್ರೂ. ನಾ ಹೊಳ್ಳಿ ಜೋಡಿಸಿದ ಮ್ಯಾಲ ಅದಕ್ಕ ಚಾವಿ ಬೇಕಿರಲಿಲ್ಲ. ನಿಮಗ ಹೇಳಬೇಕಿತ್ತು. ಹೇಳಲಿಲ್ಲ."

ಕಾಕಾ ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲೆ ಸರಿಸಿಕೊಂಡರು. "ನಾ ತಗಿ ಅಂದ್ನೆಲ್ಲ," ಎಂದರು. "ಆಗ ಏನ್ ಮಾಡಾಕತ್ತಿದ್ದಿ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಇದಕ್ಕೊಂದು ಉತ್ತರ ಹುಡುಕಿದ್ದೆ.

"ಒತ್ತಾಕತ್ತಿದ್ದೆ ಕಾಕಾ. ಹತ್ತವಲ್ದು ಅಂತ ಇನ್ನಾ ಒತ್ತಿದೆ."

ಕಾಕು ಒಲೆಯಿಂದ ತಿರುಗಿ ನನ್ನನ್ನು ನೋಡಿದರು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಅವರು ಆರಿಸಲಿಲ್ಲ.

ಕಾಕಾ, "ಬಣ್ಣದಂವನ ಮ್ಯಾಲ ಸಿಟ್ಟು ಮಾಡೋದು ಹಗುರಿತ್ತು ಬಾಳಾ," ಎಂದರು. "ಅಂವನ ಮಾರಿ ನಾ ನೋಡಿಲ್ಲ."

"ಬೈರಿ ಕಾಕಾ."

"ಏನಂತ ಬೈಲಿ. ಲ್ಯಾಂಪ್ ಕೈಯಾಗ ಇಟ್ಟಂವ ನಾನು." ಗೋಡೆಯ ಕಡೆ ತಿರುಗಿದರು. "ಈಗ ಹೋಗು. ಸ್ವಲ್ಪ ದಿನ ಬರಬ್ಯಾಡ. ನಾ ಕರೀತೀನಿ."

ಸೋಮವಾರ ಅವರು ಸೊಲ್ಲಾಪುರಕ್ಕೆ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು.

ನಾನು ಗ್ಯಾರೇಜು ತೆರೆಯುತ್ತೇನೆ. ಕೈ ಹಾಕುವ ಮೊದಲು ಬ್ಯಾಟರಿಯ ಟರ್ಮಿನಲ್ಲನ್ನೇ ಬಿಚ್ಚಿ ಇಡುತ್ತೇನೆ. ನಿನ್ನೆ ಭಂಡಾರಕವಠೆಯ ಒಬ್ಬರು ಟ್ರ್ಯಾಕ್ಟರಿನ ಲೈಟು ತೋರಿಸಲು ಬಂದಿದ್ದರು. ಕಾಕಾನ ಹಳೆಯ ಗಿರಾಕಿ.

"ಮಿಸ್ತ್ರಿ ಎಲ್ಲಿ ಅವ್ವಾ?"

"ಕೈಗೆ ಪೆಟ್ಟಾಗ್ಯಾದರಿ. ಮನ್ಯಾಗ ಅದಾರ."

"ಅಯ್ಯ, ಹೆಂಗ ಆತು?"

"ನನ್ನ ಕೈಲೆ ಆತ್ರಿ," ಎಂದೆ.

ಅವರು ಟ್ರ್ಯಾಕ್ಟರಿನಿಂದ ಇಳಿಯಲು ಒಂದು ಕಾಲು ಕೆಳಗಿಟ್ಟಿದ್ದರು. ಅದನ್ನು ಮತ್ತೆ ಮೇಲೆ ಎಳೆದುಕೊಂಡು, ಸೀಟಿನ ಮೇಲೆಯೇ ಕುಳಿತು, ಮಿಸ್ತ್ರಿ ಯಾವಾಗ ಬರುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ.